ಯಂಕಮ್ಮನ ದನಿ ಬೇಕು, ಯಂಕಮ್ಮ ಬೇಡ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಯಾವ ಹಳ್ಳಿಯಲ್ಲಿ ನಾಟಕ ಇಟ್ಟರೂ ಹೀರೋ ಊರಿನವನು, ಹೀರೋಯಿನ್ ಬಾಡಿಗೆಯವಳು. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಊರಿನ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ, ಪೋಸ್ಟರಿನಲ್ಲಿ ಕರಿ ಕನ್ನಡಕದ ಫೋಟೊ ಹಾಕಿಸಿಕೊಳ್ಳುತ್ತಾರೆ. ತಾಯಿ, ತಂಗಿ, ಹೆಂಡತಿ ಪಾತ್ರಗಳಿಗೆ ಮಾತ್ರ ಎಲ್ಲಿಂದಲೋ ಒಬ್ಬ ಹೆಣ್ಣುಮಗಳು ಬಸ್ಸು ಹತ್ತಿ ಬರಬೇಕು. ಊರ ತುಂಬ ತಾಯಿ, ತಂಗಿ, ಹೆಂಡತಿಯರಿದ್ದಾರೆ. ಅವರು ಮುಂದೆ ಕುಳಿತು ನೋಡಬಹುದು, ಮೇಲೆ ಹತ್ತುವಂತಿಲ್ಲ. ಹತ್ತಿದವಳಿಗೆ ನಮ್ಮ ಕಡೆ ಒಂದು ಹೆಸರು ತಯಾರಿದೆ. ಗಂಡಸು ಮಾಡಿದರೆ ಅದು ಪಾತ್ರ. ಹೆಂಗಸು ಮಾಡಿದರೆ ಅವಳು ಪಾತರದಾಕಿ. ಒಂದು ಒತ್ತಕ್ಷರ ಬಿಚ್ಚಿ ಪಕ್ಕಕ್ಕಿಟ್ಟರೆ ಸಾಕು, ಕಲಾವಿದೆ ಮೈ ಮಾರಿಕೊಳ್ಳುವವಳಾಗುತ್ತಾಳೆ. ಇಷ್ಟು ಸಣ್ಣ ಕೆಲಸ ನಮ್ಮ ನಾಲಿಗೆಗೆ ಬಹಳ ಚೆನ್ನಾಗಿ ಬರುತ್ತದೆ.

ರಾವೂರಿನ ಯಂಕಮ್ಮನಿಗೆ ಈ ಮಾತು ಮೊದಲು ಬಂದದ್ದು ಹೊರಗಿನವರಿಂದಲ್ಲ. ಅವಳ ಕೈಗೆ ತಾಳ ಕೊಟ್ಟ ಮನೆಯಿಂದಲೇ ಬಂತು.

ಆ ಮನೆ ಅವಳ ತವರು; ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಊರಿನಲ್ಲಿದೆ. ಹಿಂದೆ ಅವರ ಹಿರಿಯರು ಹರಿಗೋಲು ಹಾಕುತ್ತಿದ್ದರು. ಸೇತುವೆ ಬಂದ ಮೇಲೆ ಕೆಲವರು ತೊಗರಿ ಹೊಲಕ್ಕೆ ಹೋದರು, ಕೆಲವರು ಶಹಾಬಾದಿನ ಕಲ್ಲಿನ ಕೆಲಸಕ್ಕೆ. ಎಲ್ಲರಿಗೂ ಉಳಿದದ್ದು ಭಜನೆ. ಓಣಿಯ ಭಜನಾ ಸಂಘಕ್ಕೆ ಯಂಕಮ್ಮನ ಕಾಕಾ ಅಂಬರಾಯ, ಅಂದರೆ ಅಪ್ಪನ ತಮ್ಮ, ಹಿರಿಯ. ಸಂಘದಲ್ಲಿ ಎಲ್ಲರೂ ಗಂಡಸರೇ. ಯಂಕಮ್ಮ ಇನ್ನೂ ಲಂಗದ ಹುಡುಗಿ. ಒಂದು ಸಂಜೆ ಕಾಕಾನನ್ನು ಊಟಕ್ಕೆ ಕರೆಯಲು ಹೋದವಳು ಬಾಗಿಲಲ್ಲೇ ನಿಂತಳು. ಗಂಡಸರ ದನಿ ಮೇಲೇರಲಾರದೆ ಒಡೆದ ಜಾಗದಲ್ಲಿ ತಾನು ಏರಿಸಿ ಹಾಡಿಬಿಟ್ಟಳು. ಒಬ್ಬಿಬ್ಬರು ನಕ್ಕರು. ಅಂಬರಾಯ ನಗಲಿಲ್ಲ.

"ಬಾ ಇಲ್ಲಿ, ಯಂಕಿ. ಕುಂದ್ರು," ಎಂದು ಜಮಖಾನೆಯ ಮೇಲೆ ತನ್ನ ಪಕ್ಕ ಜಾಗ ಮಾಡಿದ.

"ಊಟ ಆರ್ತದ, ಕಾಕಾ."

"ಆರಲಿ. ರೊಟ್ಟಿಗೇನು ಕಾಲ ಬಂದಾವೇನು ಓಡಿ ಹೋಗ್ಲಿಕ್ಕ?"

ಅಲ್ಲಿಂದ ಆ ಜಾಗ ಅವಳದಾಯಿತು. ಅದು ಸಣ್ಣ ಜಾಗವಲ್ಲ. ನಮ್ಮ ಕಡೆ ಸಾವಾದರೆ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಎದುರಿಗೆ ಜಮಖಾನೆ ಹಾಸುತ್ತಾರೆ, ಹೆಣ ಎತ್ತುವ ತನಕ ಭಜನೆಯವರು ತತ್ವಪದ ಹಾಡುತ್ತಾರೆ. ಆ ಜಮಖಾನೆಯ ಮೇಲೆ ಕುಳಿತವರಿಗೆ ಊರು ಕೈ ಮುಗಿಯುತ್ತದೆ. ಅಂಬರಾಯ ಹುಡುಗಿಗೆ ಮೊದಲು ಕಲಿಸಿದ್ದು ರಾಗವನ್ನಲ್ಲ, ಕಣ್ಣು ಮುಚ್ಚುವುದನ್ನು.

"ಹೆಣದ ಮುಂದ ಕುಂತಾಗ ಕಣ್ಣ ತೆರೀಬ್ಯಾಡ. ತೆರದ್ರ ಸತ್ತವರ ಮಂದಿ ಕಾಣ್ತಾರ, ಕಂಡ್ರ ಅಳು ಬರ್ತದ, ಅಳು ಬಂದ್ರ ತಾಳ ತಪ್ತದ. ಅಳೋದು ಮನಿಯವರ ಕೆಲಸ. ನಮ್ಮ ಕೆಲಸ ಹಾಡೋದು."

ಯಂಕಮ್ಮ ಹಾಗೆಯೇ ಹಾಡಿದಳು. ಮದುವೆಯಾಗಿ ರಾವೂರಿಗೆ ಬಂದ ಮೇಲೂ ಸಂಘ ಅವಳನ್ನು ಬಿಡಲಿಲ್ಲ. ಗಂಡ ಸಾಯಬಣ್ಣನಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ. ತವರಿನಿಂದ ಫೋನು ಬಂದರೆ ಅವನೇ ಬೈಕಿನ ಮೇಲೆ ಬಿಟ್ಟು ಬರುತ್ತಿದ್ದ. ಯಾರು ಸತ್ತರು ಎಂದು ಕೇಳುವ ಬದಲು "ಇವತ್ತ ಎಲ್ಲಿ ಪ್ರೋಗ್ರಾಮು?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದ. ಸಂಘದವರು ಅವಳಿಂದ ಹಾಡಿಸಿ ಪದಗಳನ್ನು ರೆಕಾರ್ಡ್ ಮಾಡಿಸಿದರು. ಶಹಾಬಾದಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಫರ್ಹಾನ್ ಅವನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡತೊಡಗಿದ. ಹೆಣ ಒಯ್ಯುವಾಗ ಮೂರು ಗಾಲಿಯ ಟಂಟಂ ಗಾಡಿಯ ಮೇಲೆ ಸ್ಪೀಕರ್ ಕಟ್ಟುವವರೆಲ್ಲ ಅವನ ಅಂಗಡಿಗೆ ಬಂದು "ಯಂಕಮ್ಮನ ಪದ ಹಾಕ್ರಿ" ಎನ್ನುತ್ತಿದ್ದರು.

"ಅಕ್ಕಾ, ಈಗ ನಿನ್ನ ಬಿಟ್ಟು ಶಹಾಬಾದ್‌ನ್ಯಾಗ ಯಾರೂ ಸಾಯಂಗಿಲ್ಲ ನೋಡು," ಎಂದ ಫರ್ಹಾನ್ ಒಮ್ಮೆ.

"ನಿನ್ನ ಬಾಯಾಗ ಮಣ್ಣ ಹಾಕ್ಲಿ, ತಮ್ಮಾ," ಎಂದು ಯಂಕಮ್ಮ ಬಿದ್ದು ಬಿದ್ದು ನಕ್ಕಳು.

ವೇದಿಕೆಗೆ ಅವಳನ್ನು ಎಳೆದದ್ದು ಒಂದು ತಪ್ಪು. ಭಜನೆಯವರಷ್ಟೇ ಮಾಡಬಹುದಾದ ತಪ್ಪು.

ಸಂಘಕ್ಕೆ ಹಾರ್ಮೋನಿಯಂ ನುಡಿಸುವ ಸಿದ್ಧಲಿಂಗ ಮಾಸ್ತರರು ಹಳ್ಳಿಗಳಿಗೆ ಹೋಗಿ ನಾಟಕವನ್ನೂ ಕಲಿಸುತ್ತಾರೆ. ಸೇಡಂ ತಾಲ್ಲೂಕಿನ ಒಂದು ಊರಿನ ನಾಟಕದ ದಿನ, ಕರೆಸಿದ ಕಲಾವಿದೆಯ ಗಂಟಲು ಕಟ್ಟಿತು. ಮಾಸ್ತರರು ಯಂಕಮ್ಮನಿಗೆ ಫೋನು ಹಚ್ಚಿದರು. "ನೀ ಪರದೆ ಹಿಂದ ಕುಂತು ಹಾಡಿದ್ರ ಸಾಕು, ತಾಯಿ. ಆಕಿ ಮುಂದ ನಿಂತು ಬಾಯಿ ಆಡಸ್ತಾಳ. ಊರಿಗೇನು ಗೊತ್ತಾಗ್ತದ?"

ಊರಿಗೆ ಗೊತ್ತಾಯಿತು. ಭಜನೆಯಲ್ಲಿ ಕೊನೆಯ ಸಾಲನ್ನು ಒಂದು ಸಲ ಹಾಡಿ ಬಿಡುವ ರೂಢಿಯಿಲ್ಲ. ಮತ್ತೆ ಮತ್ತೆ ಎತ್ತುತ್ತಾರೆ, ಪ್ರತಿ ಸಲ ಒಂದು ಮೆಟ್ಟಿಲು ಮೇಲೆ. ಯಂಕಮ್ಮ ಪರದೆಯ ಹಿಂದೆ ಕಣ್ಣು ಮುಚ್ಚಿ ಹಾಗೆಯೇ ಎತ್ತಿದಳು. ಮುಂದೆ ನಿಂತವಳು ಪದ ಮುಗಿಯಿತೆಂದು ಬಾಯಿ ಮುಚ್ಚಿ, ಸೆರಗು ಸರಿಮಾಡಿಕೊಂಡು, ಅಳುವ ದೃಶ್ಯಕ್ಕೆ ತಯಾರಾಗುತ್ತಿದ್ದಳು. ದನಿ ಮಾತ್ರ ಆಕಾಶಕ್ಕೆ ಏರುತ್ತಲೇ ಇತ್ತು. ಜನ ಮೊದಲು ನಕ್ಕರು. ಆಮೇಲೆ ಕೂಗಿದರು.

"ಪರದೆ ಎತ್ರಿ! ಹಾಡಾಕಿನ್ನ ತೋರಸ್ರಿ!"

ಯಂಕಮ್ಮ ಮನೆಯ ಸೀರೆಯಲ್ಲೇ ಮುಂದೆ ಬಂದು ನಿಂತಳು. ರೂಢಿಯಂತೆ ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದಿದ್ದ ಮಾಸ್ತರರು ಪಿಸುಗುಟ್ಟಿದರು: "ಕಣ್ಣ ತೆರೀ, ಯಂಕಮ್ಮ! ಇಲ್ಲಿ ಯಾರೂ ಸತ್ತಿಲ್ಲ!"

ಆಕೆ ಕಣ್ಣು ತೆರೆದಳು. ಮುಂದಿನ ಸಾಲಿನಲ್ಲಿ ಹೆಂಗಸರು, ಮಡಿಲಲ್ಲಿ ನಿದ್ದೆ ಹೋದ ಮಕ್ಕಳು. ಆ ಹೆಂಗಸರ ತುಟಿಗಳು ಅವಳ ಜೊತೆ ಅಲುಗುತ್ತಿದ್ದವು. ಇಷ್ಟು ವರ್ಷ ಹಾಡಿದರೂ ತನ್ನ ಹಾಡು ಕೇಳುವವರ ಮುಖ ಹೇಗಿರುತ್ತದೆ ಎಂಬುದನ್ನು ಯಂಕಮ್ಮ ಅದೇ ಮೊದಲು ನೋಡಿದ್ದು. ದುಡ್ಡಿನ ಆಸೆಗೆ ಹೋದಳು, ಬಣ್ಣದ ಚಪಲಕ್ಕೆ ಹೋದಳು ಎಂದು ಕಟ್ಟೆಗೆ ಕುಳಿತು ತೀರ್ಪು ಕೊಟ್ಟವರು ಇದನ್ನೊಮ್ಮೆ ಕೇಳಿಸಿಕೊಳ್ಳಲಿ. ಅವಳು ಹೋದದ್ದು ಆ ಮುಖಗಳಿಗಾಗಿ. ಒಂದು ನಾಟಕ ಎರಡಾಯಿತು. ಹಾಡಿನ ಜೊತೆ ಮಾತು ಬಂತು, ತಾಯಿಯ ಪಾತ್ರ ಬಂತು, ಮುಂದಿನ ಹಂಗಾಮಿಗೆ ಪೋಸ್ಟರಿನ ಮೂಲೆಯಲ್ಲಿ ಅವಳ ಫೋಟೊ ಬಂತು.

ಆ ಪೋಸ್ಟರು ತವರಿನ ಹೋಟೆಲ್ ಗೋಡೆಗೂ ಹತ್ತಿತು. ಸೋಮವಾರದ ಭಜನೆಗೆಂದು ಹೋದ ಯಂಕಮ್ಮ ಚಪ್ಪಲಿ ಬಿಡುವಷ್ಟರಲ್ಲಿ ಕಾಕಾನ ಮಗ ಅಣವೀರ ಎದ್ದು ಬಂದ. ಅವಳ ಕಂಕುಳಲ್ಲಿ ಬೆಳೆದ ಹುಡುಗ.

"ಅಕ್ಕಾ, ನೀ ಒಳಗ ಅವ್ವನ ಹತ್ರ ಕುಂದ್ರು."

"ಯಾಕೋ? ನನ್ನ ಗಂಟಲಿಗೇನಾಗ್ಯಾದ?"

"ಗಂಟಲಿಗೇನಾಗಿಲ್ಲ. ಮಂದಿ ಬಾಯಿಗಿ ಬಂದಂಗ ಮಾತಾಡ್ಲಿಕತ್ತಾರ. ಪಾತರದಾಕಿನ್ನ ಜಮಖಾನಿ ಮ್ಯಾಲ ಕುಂದರಸ್ತೀರಿ ಅಂತಾರ. ಸಂಘದ ಇಜ್ಜತ್ ಪ್ರಶ್ನಿ ಅದ."

"ನೀ ಹ್ವಾದ ವರ್ಷ ನಾಟಕದಾಗ ಕುಡುಕ ಆಗಿದ್ದೆಲ್ಲೋ. ಬಂದಾಕಿ ಜೋಡಿ ಕುಣದೂ ಕುಣದಿ. ನಿನಗೇನಂತಾರ?"

"ನಂದು ಪಾತ್ರ, ಅಕ್ಕಾ."

ಒಬ್ಬನಾದರೂ ನಗಬೇಕಿತ್ತು. ನಗಲಿಲ್ಲ. ಹಾರ್ಮೋನಿಯಂ ಮುಂದೆ ಸಿದ್ಧಲಿಂಗ ಮಾಸ್ತರರು ಕುಳಿತಿದ್ದರು. ಅವಳನ್ನು ನಾಟಕಕ್ಕೆ ಕರೆದೊಯ್ದವರೇ ಅವರು. ಅವರ ಜಾಗಕ್ಕೆ ಯಾವ ಧಕ್ಕೆಯೂ ಬಂದಿರಲಿಲ್ಲ. ಯಂಕಮ್ಮ ಕಾಕಾನ ಕಡೆ ನೋಡಿದಳು. ಅಂಬರಾಯ ಏಕತಾರಿಯ ತಂತಿ ಬಿಗಿಯುತ್ತಿದ್ದ. ಬಿಗಿದ ತಂತಿಯನ್ನೇ ಮತ್ತೆ ಬಿಗಿದ. ತಲೆ ಎತ್ತಲಿಲ್ಲ. ಆಕೆ ಚಪ್ಪಲಿ ಮೆಟ್ಟಿಕೊಂಡು ರಾವೂರಿಗೆ ಮರಳಲು ವಾಡಿ ಬಸ್ಸಿಗೆ ಹೊರಟಳು.

ಗಂಡಸಿನ ಮುಖದ ಬಣ್ಣ ಕೊಬ್ಬರಿ ಎಣ್ಣೆಗೆ ಬಿಡುತ್ತದೆ. ಬೆಳಗ್ಗೆ ಮುಖ ತೊಳೆದರೆ ಅವನು ಮತ್ತೆ ಭಕ್ತ, ಮತ್ತೆ ಪಂಚ, ಮತ್ತೆ ನಾಲ್ಕು ಮಂದಿಗೆ ಬುದ್ಧಿ ಹೇಳುವವನು. ಹೆಂಗಸಿನ ಮುಖದ ಬಣ್ಣವನ್ನು ತೊಳೆಯಲು ನಾವು ಇನ್ನೂ ಎಣ್ಣೆ ಕಂಡುಹಿಡಿದಿಲ್ಲ. ಬೇಕಂತಲೇ ಹಿಡಿದಿಲ್ಲ.

ಯಂಕಮ್ಮ ವೇದಿಕೆ ಬಿಡಲಿಲ್ಲ. ವೇದಿಕೆಯೂ ಅವಳನ್ನು ಗೌರವದಿಂದ ನೋಡಿಕೊಂಡಿತು ಎಂದು ಯಾರೂ ಭ್ರಮಿಸಬೇಡಿ. ನಾಟಕದ ನಡುವೆ ಕಾಣಿಕೆ ಕೊಡುವ ನೆಪದಲ್ಲಿ ಮೇಲೆ ಹತ್ತಿ ಬಂದು, ಕಲಾವಿದೆಯ ಸೆರಗಿಗೆ ನೋಟು ಪಿನ್ನು ಮಾಡುವ ಚಟ ನಿಮಗೆ ತಿಳಿದದ್ದೇ. ಹೆಣ ಬಿದ್ದ ದೃಶ್ಯವಿರಲಿ, ಮಗು ಕಳೆದುಕೊಂಡ ದೃಶ್ಯವಿರಲಿ, ಮೈಕಿನಲ್ಲಿ ದಾನಿಯ ಹೆಸರು ಕೂಗಲೇಬೇಕು. ಚಿಂಚೋಳಿ ತಾಲ್ಲೂಕಿನಲ್ಲಿ, ಚಂದ್ರಂಪಳ್ಳಿ ಕೆರೆಯ ಆಚೆಯ ಊರಿನಲ್ಲಿ ಬಸವಲಿಂಗ ಎಂಬ ಸಾಹುಕಾರ ಹೀಗೆಯೇ ಮೇಲೆ ಬಂದ. ಬಾಯಿಯಲ್ಲಿ ಪಿನ್ನು, ಕೈಯಲ್ಲಿ ನೋಟು. ಯಂಕಮ್ಮ ಆಗ ಮಗನನ್ನು ಜೈಲಿಗೆ ಕಳಿಸುವ ತಾಯಿ. ಅವಳು ಹಿಂದೆ ಸರಿಯಲಿಲ್ಲ, ಪಾತ್ರ ಬಿಟ್ಟು ಇಳಿಯಲೂ ಇಲ್ಲ. ಅದೇ ತಾಯಿಯ ದನಿಯಲ್ಲಿ, ಮೈಕಿಗೆ ಕೇಳುವಂತೆ ಕೇಳಿದಳು:

"ಬಾ, ಮಗನ. ನಿಮ್ಮವ್ವಗೂ ನೀ ಹಿಂಗೇ ಎದಿಗಿ ಪಿನ್ನ ಚುಚ್ಚತೀಯೇನು?"

ಮೊದಲು ಹೆಂಗಸರ ಸಾಲು ನಕ್ಕಿತು. ಆಮೇಲೆ ಊರೇ ನಕ್ಕಿತು. ಬಸವಲಿಂಗನ ಬಾಯಿಯಿಂದ ಪಿನ್ನು ಉದುರಿತು.

"ಪೇಟಿ ಮ್ಯಾಲ ಇಡು, ಅಪ್ಪಾ," ಎಂದು ಯಂಕಮ್ಮ ಹಾರ್ಮೋನಿಯಂ ತೋರಿಸಿದಳು. "ಕಲೆಗಿ ಕೊಡೋದಿದ್ರ ಕಲೆ ಮ್ಯಾಲೇ ಇಡು."

ಅಂದಿನಿಂದ ಅವಳು ಒಪ್ಪಿಕೊಳ್ಳುವ ಪ್ರತಿ ನಾಟಕಕ್ಕೂ ಇದೊಂದು ಕರಾರು. ಕಾಣಿಕೆ ಪೇಟಿಯ ಮೇಲೆ, ಮೈ ಮೇಲಲ್ಲ. ಈ ಸೀಮೆಗೆ ಬರುವ ಬೇರೆ ಕಲಾವಿದೆಯರೂ ಈಗ ನಾಟಕ ಕಲಿಸುವ ಮಾಸ್ತರರನ್ನು ಮೊದಲು ಕೇಳುವುದು ಇದನ್ನೇ: "ಯಂಕಮ್ಮನ ಪೇಟಿ ರೂಲು ಅದ ಏನ್ರಿ ನಿಮ್ಮಲ್ಲಿ?" ಇಲ್ಲ ಎಂದರೆ ಫೋನು ಇಡುತ್ತಾರೆ. ವಾಡಿಯ ಪ್ರೀತಿ ಎಂಬ ಕಾಲೇಜು ಹುಡುಗಿ, ಜೊತೆಗೆ ಮೂರ್ನಾಲ್ಕು ಗೆಳತಿಯರು ಭಾನುವಾರ ರಾವೂರಿಗೆ ಬಂದು, ಸಾಯಬಣ್ಣ ಹಾಸಿದ ಫರಸಿ ಕಟ್ಟೆಯ ಮೇಲೆ ಕುಳಿತು ಅವಳಿಂದ ಪದ ಕಲಿಯುತ್ತಾರೆ. ಕಣ್ಣು ತೆರೆದುಕೊಂಡೇ ಹಾಡುತ್ತಾರೆ. ಒಬ್ಬ ಹೆಂಗಸು ಒಬ್ಬಳೇ ನಿಂತು ಇಷ್ಟು ಮಾಡಿದ್ದಾಳೆ. ಊರಿಗೊಂದು ಸಂಘ, ಸಂಘಕ್ಕೊಂದು ಬೋರ್ಡು ಇಟ್ಟುಕೊಂಡವರು ಏನು ಮಾಡಿದ್ದಾರೆ?

ಅವಳ ಮನಸ್ಸು ಮಾತ್ರ ಆ ಜಮಖಾನೆಯಲ್ಲೇ ಇತ್ತು. ನಾಟಕ ತನ್ನದಾಗಿತ್ತು, ಆದರೆ ಭಜನೆ ತಾನು ಬಿಟ್ಟದ್ದಲ್ಲ, ಅವರು ಕಿತ್ತುಕೊಂಡದ್ದು. ಕಳೆದ ಬೇಸಿಗೆಯಲ್ಲಿ ಅಂಬರಾಯ ಹಾಸಿಗೆ ಹಿಡಿದ. ಚಿಕ್ಕಮ್ಮ ಭೀಮಬಾಯಿ ಹೇಳಿ ಕಳಿಸಿದ್ದಕ್ಕೆ ಯಂಕಮ್ಮ ಹೋದಳು. ಮುದುಕನ ದನಿ ಗಾಳಿಯಷ್ಟೇ ಉಳಿದಿತ್ತು.

"ನನ್ನ ಎತ್ತುವಾಗ ನೀನೇ ಹಾಡಬೇಕು, ಯಂಕಿ. ನನ್ನ ಮುಂದ, ಜಮಖಾನಿ ಮ್ಯಾಲ ಕುಂತು."

"ಅವತ್ತ ನನ್ನ ಬಾಗಿಲಾಗ ತಡದಾಗ ನಿನ್ನ ಬಾಯಿಗೇನಾಗಿತ್ತು, ಕಾಕಾ?"

"ಈಗ ಹೇಳ್ಲಿಕತ್ತೀನಲ್ಲ."

"ನನಗ್ಯಾಕ ಹೇಳ್ತಿ? ನಿನ್ನ ಮಗಗ ಹೇಳು. ಸಂಘಕ್ಕ ಹೇಳು."

ಅಣವೀರನನ್ನು ಒಳಗೆ ಕರೆದರು. ಅಪ್ಪ ಹೇಳಿದ, ಮಗ ತಲೆಯಾಡಿಸಿದ. ಭೀಮಬಾಯಿ ಸಾಕ್ಷಿಯಾಗಿ ಪಕ್ಕದಲ್ಲೇ ನಿಂತಿದ್ದಳು. ಯಂಕಮ್ಮ ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಕುಳಿತು ಎರಡು ರೊಟ್ಟಿ ಉಂಡಳು.

ಮಳೆಗಾಲ ಹಿಡಿಯುವ ಮುಂಚೆ ಅಂಬರಾಯ ಬೆಳಗಿನ ಹೊತ್ತು ತೀರಿಕೊಂಡ. ಯಂಕಮ್ಮ ಊರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಓಣಿಯ ಬಾಯಿಗೆ ಬಂದವಳು ಗಕ್ಕನೆ ನಿಂತಳು. ಅವಳು ಬರುವ ಮೊದಲೇ ಅವಳ ದನಿ ಅಲ್ಲಿ ಹಾಡುತ್ತಿತ್ತು. ಮನೆ ಮುಂದೆ ಟಂಟಂ, ಅದರ ಮೇಲೆ ಸ್ಪೀಕರ್, ಸ್ಪೀಕರಿನಲ್ಲಿ ಯಂಕಮ್ಮ. ಹೆಣವನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಎದುರಿಗೆ ಜಮಖಾನೆ, ಅದರ ಮೇಲೆ ಸಂಘದವರು. ತಾಳ ಹಿಡಿದ ಹೊಸ ಹುಡುಗರು ಸ್ಪೀಕರಿಗೆ ತಕ್ಕಂತೆ ತಟ್ಟುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಅವರಿಗೆ ಪದ ಬರುತ್ತಿರಲಿಲ್ಲ. ಅವಳನ್ನು ಹೊರಗಿಟ್ಟ ಮೇಲೆ ಕಲಿಯುವ ಗರಜೂ ಇರಲಿಲ್ಲ. ಪೆನ್‌ಡ್ರೈವ್ ಇತ್ತಲ್ಲ.

ಯಂಕಮ್ಮ ಕಾಕಾನ ಪಾದ ಮುಟ್ಟಿ, ಜಮಖಾನೆಯ ಅಂಚಿಗೆ ಬಂದಳು. ಯಾರೂ ಸರಿದು ಜಾಗ ಬಿಡಲಿಲ್ಲ. ಅಣವೀರ ಎದ್ದ.

"ಅಕ್ಕಾ, ಮಂದಿ ಭಾಳ ಬಂದಾರ. ಇವತ್ತ ಬ್ಯಾಡ."

"ಇವತ್ತ ಬ್ಯಾಡಂದ್ರ? ನಿಮ್ಮಪ್ಪ ನಾಳೆ ಮತ್ತ ಸಾಯ್ತಾನೇನೋ?"

"ಹಿರಿಯರು ಒಪ್ಪವಲ್ರು. ನಾ ಏನ್ ಮಾಡ್ಲಿ? ಬೇಕಾದ್ರ ಆಚಿ ಕಡಿ, ಹೆಣ್ಣಮಕ್ಕಳ ಹತ್ರ ನಿಂತು ಹಾಡು. ಮೈಕ್ ಕೊಡಸ್ತೀನಿ."

"ಅಪ್ಪನ ಮುಂದ ತಲಿ ಆಡಿಸಿದೆಲ್ಲ?"

ಅವನು ಸಿದ್ಧಲಿಂಗ ಮಾಸ್ತರರ ಕಡೆ ನೋಡಿದ. ಮಾಸ್ತರರು ಹಾರ್ಮೋನಿಯಂ ಮನೆಗಳ ಮೇಲೆ ಬೆರಳಿಟ್ಟು ಕುಳಿತಿದ್ದರು. ಎಷ್ಟೋ ಊರುಗಳಲ್ಲಿ ಅವಳ ದನಿಗೆ ಶ್ರುತಿ ಕೊಟ್ಟ ಬೆರಳುಗಳು. ಅವಳ ಪರವಾಗಿ ಒಂದು ಮಾತು ಹೊರಡಲಿಲ್ಲ. ಇಂಥ ಸಭ್ಯ ಮೌನಕ್ಕೆ ಹಾರ ಹಾಕಿ ಸನ್ಮಾನ ಮಾಡುವ ಜನ ನಾವು.

ಯಂಕಮ್ಮ ಟಂಟಂ ಹತ್ತಿರ ಹೋದಳು. ಕೈ ಚಾಚಿ ಪೆನ್‌ಡ್ರೈವ್ ಕಿತ್ತಳು. ದನಿ ಪದದ ನಡುವೆಯೇ ಕಡಿದು ಬಿತ್ತು. ಅಣವೀರ ಹಿಂದೆಯೇ ಓಡಿ ಬಂದ.

"ಅಕ್ಕಾ! ಸತ್ತ ಮನ್ಯಾಗ ಏನಿದು ನಾಟಕ?"

"ನಾಟಕ ನೀವು ಮಾಡ್ಲಿಕತ್ತೀರಿ. ಬಾಯಿ ನಂದು, ಅದರ ಹಿಂದ ಕುಂತು ತಾಳ ಬಡಿಯೋರು ನೀವು."

"ಪದ ಸಂಘದ್ದು. ರೆಕಾರ್ಡ್ ಮಾಡಿಸಿದ್ದು ಸಂಘ. ಕೊಡು ಇಲ್ಲಿ."

"ಪದ ಸಂಘದ್ದಿರಬಹುದು. ದಮ್ಮು ನಂದು. ನಾ ಇಲ್ಲೇ ಜೀವಂತ ನಿಂತೀನಿ. ನನ್ನ ಹೊರಗ ನಿಲ್ಲಿಸಿ ನನ್ನ ದನಿ ಒಳಗ ಕುಂದರಸ್ತೀರಿ? ಒಂದು ಮಾತು ಹೇಳ್ರಿ. ಜಾಗ ಬಿಡ್ತೀರೋ, ಇಲ್ಲೋ?"

ಬಾಗಿಲಲ್ಲಿ ಕುಳಿತಿದ್ದ ಭೀಮಬಾಯಿ ಎದ್ದು ಬಂದು ಅವಳ ಕೈ ಹಿಡಿದಳು. "ಯಂಕಿ, ಒಳಗ ಬಾರವ್ವ. ಅಡಿಗಿ ಮನ್ಯಾಗ ಕುಂತು ಹಾಡು. ಅವಗ ಕೇಳಸ್ತದ."

"ಸಣ್ಣವ್ವ, ಆಂವ ಅಡಿಗಿ ಮನ್ಯಾಗ ಕುಂತಿಲ್ಲ," ಎಂದಳು ಯಂಕಮ್ಮ. "ನಿಮ್ಮ ಮುಂದ ಕುಂತಾನ. ನಾನೂ ಅಲ್ಲೇ ಕುಂದ್ರಬೇಕು. ಇಲ್ಲಂದ್ರ ಇಲ್ಲ."

ಭೀಮಬಾಯಿ ಆಗ ಮಗನ ಕಡೆ ತಿರುಗಿ ಬೈದಳು, ಬಾಯಿ ಬಿಟ್ಟು ಬೈದಳು. ನಿಮ್ಮಪ್ಪನ ಮಾತಿಗೆ ಮಣ್ಣ ಹಾಕಿದಿ ಅಂದಳು. ಗಂಡನ ಹೆಣದ ಮುಂದೆ ನಿಂತ ಹೆಂಗಸಿನ ಮಾತನ್ನೂ ಸಂಘ ಕೇಳಿಸಿಕೊಳ್ಳಲಿಲ್ಲ. "ಹೊತ್ತಾಗ್ತದ, ಎತ್ರಿ" ಎಂದಿತು.

ಎತ್ತಿದರು. ಊರಿನ ಪ್ರತಿ ಹೆಣದ ಮುಂದೆ ಹಾಡಿದ ಅಂಬರಾಯ ಹಾಡಿಲ್ಲದೆ ಹೋದ. ತಾಳದವರು ಸ್ವಲ್ಪ ದೂರ ತಟ್ಟಿದರು. ಪದವಿಲ್ಲದ ತಾಳ ಎಲ್ಲಿಗೆ ಮುಟ್ಟಿಸಬೇಕೆಂದು ತಿಳಿಯದೆ ಕೈಬಿಟ್ಟರು. ಯಂಕಮ್ಮ ಹೆಂಗಸರ ಜೊತೆ ಹಿಂದೆ ನಡೆದಳು. ಹಾಡು ಗಂಟಲ ತನಕ ಬಂದಿತ್ತು. ಹಲ್ಲು ಕಚ್ಚಿ ತಡೆದಳು. ಕಾಕಾನ ಮೇಲಿನ ಪ್ರೀತಿಗೆ ಅಲ್ಲೇ ನಿಂತು ಹಾಡಿಬಿಟ್ಟಿದ್ದರೆ, ಹೊರಗೆ ನಿಂತು ಹಾಡುವುದೇ ಹೆಂಗಸರ ರೂಢಿ ಎಂದು ಸಂಘ ಮರುದಿನದಿಂದಲೇ ಹೇಳಿಕೊಳ್ಳುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಮಣ್ಣು ಹಾಕುವಾಗ ಕಣ್ಣು ತೆರೆದುಕೊಂಡೇ ಅತ್ತಳು. ಸತ್ತವನ ಮಗಳಂತೆ ಅತ್ತಳು.

ಯಂಕಮ್ಮ ಈಗಲೂ ಆಡುತ್ತಾಳೆ, ಹಾಡುತ್ತಾಳೆ. ಅಣವೀರ ಈಗ ಸಂಘದ ಅಧ್ಯಕ್ಷ. ತಿಂಗಳೊಳಗೆ ಅದೇ ಓಣಿಯಲ್ಲಿ ಇನ್ನೊಂದು ಸಾವಾಯಿತು. ಪೆನ್‌ಡ್ರೈವ್ ಕಿತ್ತರೇನಾಯಿತು, ಫೋನುಗಳಲ್ಲಿ ನಕಲು ಬೇಕಾದಷ್ಟಿವೆ. ಫರ್ಹಾನ್ ಇನ್ನು ಕೊಡುವುದಿಲ್ಲ ಎಂದು ಸಂಘದವರನ್ನು ವಾಪಸ್ ಕಳಿಸಿದ. ಅವರು ಬೇರೆ ಅಂಗಡಿಗೆ ಹೋದರು. ಟಂಟಂ ಬಂತು, ಸ್ಪೀಕರ್ ಬಂತು, ಜಮಖಾನೆಯ ಮೇಲೆ ಗಂಡಸರು ಕೈ ಕಟ್ಟಿ ಕುಳಿತರು, ಪಾತರದಾಕಿಯ ದನಿಯಲ್ಲಿ ಇನ್ನೊಬ್ಬ ಹಿರಿಯನ ಹೆಣ ಹೊರಟಿತು.

ನಿಮ್ಮ ಓಣಿಯಲ್ಲೂ ನಾಳೆ ಯಾರಾದರೂ ಸಾಯುತ್ತಾರೆ. ಜಮಖಾನೆ ಹಾಸುವವರು ನೀವೇ. ಹಾಡುವ ಹೆಣ್ಣುಮಗಳು ಬಂದರೆ ಎದ್ದು ಸರಿದು ಅದರ ಮೇಲೆ ಜಾಗ ಬಿಡಿ. ಅಷ್ಟು ಆಗದಿದ್ದರೆ ಸ್ಪೀಕರಿನಲ್ಲಿ ಅವಳ ದನಿಯನ್ನೂ ಬಂದ್ ಮಾಡಿ. ನಿಮ್ಮ ಹೆಣಕ್ಕೆ ನೀವೇ ಹಾಡಿ.